ಕಿಟಕಿಯಿಂದ ಬಿದ್ದ ಟಿವಿ

ಎರಡನೇ ಮಹಡಿಯ ಕಿಟಕಿಯಿಂದ ಟಿವಿ ಕೆಳಗೆ ಬಿದ್ದಾಗ ಬೆಳಿಗ್ಗೆ ಹತ್ತು ಗಂಟೆ. ಹತ್ತೂ ಹತ್ತಕ್ಕೆ ಪೊಲೀಸ್ ಜೀಪು ಬಂದು ನಿಂತಿತ್ತು.

ನ್ಯಾಮತಿಯಿಂದ ಸವಳಂಗಕ್ಕೆ ಹೋಗುವ ರಸ್ತೆಯ ಬದಿಯ ಲಾಡ್ಜು ಅದು. ಮಾಲೀಕ ಹಾಲೇಶಪ್ಪ ಒಡೆದ ಗಾಜಿನ ನಡುವೆ ನಿಂತಿದ್ದ. ಮೇಲೆ ಏನನ್ನೋ ಗೋಡೆಗೆ ಅಪ್ಪಳಿಸುವ ಸದ್ದು.

“ರಾಕ್ ಬ್ಯಾಂಡಿನೋರು ಸಾರ್. ಬಸವಾಪಟ್ಟಣದ ಕಡೆಯೋರು. ನಿನ್ನೆ ಹೊನ್ನಾಳಿಯಾಗೆ ಕಾಲೇಜು ಪ್ರೋಗ್ರಾಮ್ ಮುಗಿಸಿಕೊಂಡು ಬಂದು ಇಳಕೊಂಡ್ರು.”

“ಕುಡಿದವ್ರಾ?” ಕೇಳಿದ ಹೆಡ್ ಕಾನ್‌ಸ್ಟೆಬಲ್ ಸಣ್ಣತಿಮ್ಮಪ್ಪ.

“ಇಲ್ಲ ಸಾರ್. ಇದು ಇವರ ಸಂಪ್ರದಾಯವಂತೆ. ಮೊಬೈಲಿನಾಗೆ ಓದಿದ್ದೆ. ಫಾರಿನ್ನಾಗೆ ದೊಡ್ಡ ದೊಡ್ಡ ಹಾಡುಗಾರರು ಹೋಟೆಲ್ ಕಿಟಕಿಯಿಂದ ಟಿವಿ ಎಸೀತಿದ್ರಂತೆ, ಕಾರಿಡಾರಿನಾಗೆ ಬೈಕ್ ಓಡಿಸ್ತಿದ್ರಂತೆ. ಕೆಲವು ಹೋಟೆಲಿನೋರು ಒಳಗೇ ಬಿಟ್ಕೊಳ್ತಿರಲಿಲ್ಲ. ಇನ್ನು ಕೆಲವರು ಅವರು ಮಲಗಿದ್ದ ರೂಮನ್ನ ಜನಕ್ಕೆ ತೋರಿಸಾಕೆ ಇಟ್ಟವ್ರೆ. ನಮ್ಮ ಲಾಡ್ಜಿಗೂ ಅಂಥ ಹೆಸರು ಬರ್ಲಿ ಅಂತ ಖುಷಿಯಿಂದ ರೂಮ್ ಕೊಟ್ಟೆ.”

“ಬಂತಲ್ಲ ಹೆಸರು,” ಎಂದು ಸಣ್ಣತಿಮ್ಮಪ್ಪ ಮೆಟ್ಟಿಲು ಹತ್ತಿದ. ಹಿಂದೆ ಇಬ್ಬರು ಪೇದೆಗಳು. ಹಾಲೇಶಪ್ಪನಿಗೆ ಮೇಲೆ ಬರುವ ಧೈರ್ಯವಾಗಲಿಲ್ಲ.

ಮೇಲೆ ನೆಲವೆಲ್ಲ ರಕ್ತ. ಇನ್ನೂರೈದನೇ ಕೋಣೆಯ ಹೊಸ್ತಿಲಿನ ಹೊರಗೆ ದಪ್ಪ ಮೈಯ ಮನುಷ್ಯನೊಬ್ಬ ಬಿದ್ದಿದ್ದ. ದವಡೆ ಪಕ್ಕಕ್ಕೆ ತಿರುಚಿಕೊಂಡಿತ್ತು. ಗಲಾಟೆ ಯಾಕೆಂದು ಕೇಳಲು ಬಂದ ಪಾಪದವನು, ಸಿಕ್ಕಿಹಾಕಿಕೊಂಡಿದ್ದಾನೆ ಎಂದುಕೊಂಡ ಸಣ್ಣತಿಮ್ಮಪ್ಪ. ಅವನ ಎದುರಿಗೆ ಹಾಡುಗಾರ ಪರಶುರಾಮ್ ನಿಂತಿದ್ದ. ಬೆನ್ನ ಮೇಲೆ ಇಳಿಬಿದ್ದ ಕೂದಲು, ಕೈಯಲ್ಲಿ ಕತ್ತು ಮುರಿದ ಗಿಟಾರು. ತಂತಿಗಳಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಇನ್ನೂರನಾಲ್ಕರೊಳಗೆ ಡ್ರಮ್ಮರ್ ವಿನಯ್ ಕುಮಾರ್ ಕಬ್ಬಿಣದ ಸ್ಟ್ಯಾಂಡ್ ಹಿಡಿದು ಕನ್ನಡಿಗೆ ಬಡಿಯುತ್ತಿದ್ದ, ಬ್ಯಾಂಡಿನ ಮೂರನೆಯವನು ಕುರ್ಚಿ ಮುರಿಯುತ್ತಿದ್ದ.

ಖಾಕಿ ಕಂಡದ್ದೇ ತಡ, ಎಲ್ಲರೂ ಕೈ ನಿಲ್ಲಿಸಿದರು. ಪರಶುರಾಮ್ ಗಿಟಾರನ್ನು ನೆಲಕ್ಕಿಟ್ಟು ಎರಡೂ ಕೈ ಮುಂದೆ ಚಾಚಿದ.

“ಬಂದ್ರಾ,” ಎಂದ.

ಆ ಮಾತಿಗೆ ಸಣ್ಣತಿಮ್ಮಪ್ಪನ ರಕ್ತ ಕುದಿಯಿತು. ಲಾಠಿ ಬೀಸಿದ. ಮೊಣಕಾಲಿಗೆ ಒಂದು, ಭುಜಕ್ಕೆ ಎರಡು. ಪರಶುರಾಮ್ ಕುಸಿದು ಕುಳಿತ. ಕೈ ಅಡ್ಡ ಒಡ್ಡಲಿಲ್ಲ. ನಾಲ್ಕನೆಯ ಏಟು ಬೀಳುವ ಮೊದಲು ಇನ್ನೂರನಾಲ್ಕರೊಳಗಿಂದ ಹೆಂಗಸೊಬ್ಬಳು ಓಡಿಬಂದು ನಡುವೆ ನಿಂತಳು. ಬರಿಗಾಲು. ಅಳತೆಗೆ ಮೀರಿದ ಕಪ್ಪು ಟೀ ಶರ್ಟು, ಎದೆಯ ಮೇಲೆ ಬ್ಯಾಂಡಿನ ಹೆಸರು. ತುಟಿ ಒಡೆದಿತ್ತು.

“ನನ್ನನ್ನೂ ಹಿಡೀರಿ,” ಎಂದಳು. “ನಾನೂ ಹೊಡೆದೀನಿ ಅವನಿಗೆ.”

ಬಿದ್ದಿದ್ದವನು ತಲೆಯೆತ್ತಿದ. ಏನೋ ಹೇಳಲು ಹೋದ. ಬಾಯಿಂದ ರಕ್ತವಷ್ಟೇ ಬಂತು. ಅವಳತ್ತ ಬೆರಳು ತೋರಿಸಿದ.

“ಆಯ್ತು ಬಿಡಪ್ಪ, ಗೊತ್ತಾತು. ಈಕೆನ್ನೂ ಬಿಡಲ್ಲ,” ಎಂದು ಸಣ್ಣತಿಮ್ಮಪ್ಪ ಸಮಾಧಾನ ಹೇಳಿದ. ಆ ಮನುಷ್ಯ ಜೋರಾಗಿ ತಲೆಯಾಡಿಸುತ್ತ ಅವಳ ಕಾಲು ಹಿಡಿಯಲು ಕೈ ಚಾಚಿದ. ಅವಳು ಹಿಂದೆ ಸರಿದು, ಯಾರೂ ಹೇಳದೆ ತಾನೇ ಮೆಟ್ಟಿಲಿಳಿದು ಜೀಪು ಹತ್ತಿ ಕುಳಿತಳು. ಹಾಲೇಶಪ್ಪ ಆಗ ಹಿತ್ತಲಲ್ಲಿ ಪೊರಕೆ ಹುಡುಕುತ್ತಿದ್ದ.

ಗಾಯಾಳುವನ್ನು ಆಂಬುಲೆನ್ಸಿನಲ್ಲಿ ಕಳಿಸಿದರು. ಠಾಣೆಯಲ್ಲಿ ಎಲ್ಲರನ್ನೂ ಗೋಡೆಗೆ ಸಾಲಾಗಿ ನಿಲ್ಲಿಸಲಾಯಿತು.

“ಹಾಡೋರು ಹಾಡಬೇಕು. ಒಬ್ಬ ಮನುಷ್ಯನ ದವಡೆ ಮುರಿದೀರಲ್ರೀ, ನಿಮಗೇನು ಮಾಡಿದ್ದ ಅವನು?” ಗದರಿದ ಸಣ್ಣತಿಮ್ಮಪ್ಪ.

“ನಮಗೇನೂ ಮಾಡಿಲ್ಲ ಸಾರ್,” ಎಂದ ವಿನಯ್ ಕುಮಾರ್.

ಹೆಂಗಸು ಬಾಗಿಲನ್ನೇ ನೋಡುತ್ತಿದ್ದಳು. “ಅವನು ಇಲ್ಲಿಗೆ ಬರ್ತಾನಾ?”

“ದಾವಣಗೆರೆ ಆಸ್ಪತ್ರೆಗೆ ಕಳಿಸೀವಿ. ಉಳಕೊಂಡ್ರೆ ನಿಮ್ಮ ಪುಣ್ಯ.”

ಅವಳು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು. ನೀರು ಕೇಳಿದಳು. ಕೊಟ್ಟ ಚೊಂಬನ್ನು ಒಂದೇ ಉಸಿರಿಗೆ ಖಾಲಿ ಮಾಡಿ ಇನ್ನೊಂದು ಕೇಳಿದಳು. ಈಗ ಭಯ ಹತ್ತಿದೆ ಎಂದುಕೊಂಡ ಸಣ್ಣತಿಮ್ಮಪ್ಪ. ಹೆಸರು ಬರೆದುಕೊಳ್ಳಲು ಪೆನ್ನು ತೆಗೆದ.

“ಲಕ್ಷ್ಮೀದೇವಿ. ಜಗಳೂರು.”

“ಬ್ಯಾಂಡಿನಾಗೆ ನಿಂದೇನು ಕೆಲಸ? ಹಾಡ್ತೀಯಾ?”

ಅವಳು ಉತ್ತರಿಸುವ ಮೊದಲೇ ಹಾಲೇಶಪ್ಪ ದೂರಿನ ಅರ್ಜಿ ಹಿಡಿದು ಒಳಗೆ ಬಂದ. ಅವಳನ್ನು ನೋಡಿ ಬಾಗಿಲಲ್ಲೇ ನಿಂತ.

“ಈಯಮ್ಮ ಇಲ್ಲಿಗೆ ಯಾಕೆ ಬಂದ್ಲು ಸಾರ್? ಬ್ಯಾಂಡಿನಾಗೆ ಇರೋದು ಈ ಮೂರು ಜನ ಗಂಡಸ್ರು ಅಷ್ಟೇ. ಈಕೆ ಇನ್ನೂರೈದರೋನ ಹೆಂಡ್ತಿ.”

ಸಣ್ಣತಿಮ್ಮಪ್ಪನ ಪೆನ್ನು ನಿಂತಿತು. ಲಕ್ಷ್ಮೀದೇವಿ ಟೀ ಶರ್ಟಿನ ತೋಳು ಮೇಲೆಳೆದಳು. ಮಣಿಕಟ್ಟಿನ ಸುತ್ತ ಹಗ್ಗದ ಗುರುತು ಕಪ್ಪಗೆ ಹೆಪ್ಪುಗಟ್ಟಿತ್ತು. ಮೊಣಕೈವರೆಗೆ ಸಿಗರೇಟಿನ ಸುಟ್ಟ ಗಾಯಗಳು, ಕೆಲವು ಹಳೆಯವು, ಕೆಲವು ಇನ್ನೂ ಹಸಿ.

“ತವರಿಗೆ ಹೋಗಿದ್ದೆ ಅಂತ ಎಳಕೊಂಡು ಬಂದು ಎರಡು ದಿನದಿಂದ ಕೂಡಿ ಹಾಕಿದ್ದ,” ಎಂದಳು. “ಟಿವಿ ಬಿದ್ದ ಸದ್ದಿಗೆ ಏನಾತು ಅಂತ ಬಾಗಿಲು ತೆಗೆದ. ನಾನು ಓಡಿದೆ. ಜಡೆ ಹಿಡಕೊಂಡ. ಇವರು ಬಿಡಿಸಿದ್ರು. ಬಟ್ಟೆ ಹರಿದಿತ್ತು, ಈ ಅಂಗಿನೂ ಇವರೇ ಕೊಟ್ರು.”

ಸಣ್ಣತಿಮ್ಮಪ್ಪ ಪೆನ್ನು ಕೆಳಗಿಟ್ಟು ಪರಶುರಾಮನ ಕಡೆ ತಿರುಗಿದ. “ನಮಗೆ ಒಂದು ಮಾತು ಹೇಳಬಾರದಿತ್ತೇನಯ್ಯಾ?”

“ನಿನ್ನೆ ಸಂಜೆ ಪಕ್ಕದ ರೂಮಿನಾಗೆ ಈಕೆ ಚೀರೋದು ಕೇಳಿ ಠಾಣೆಗೆ ಮೂರು ಸಲ ಫೋನ್ ಮಾಡಿದ್ವಿ ಸಾರ್,” ಎಂದ ಪರಶುರಾಮ್. “ಗಂಡ ಹೆಂಡ್ತಿ ಜಗಳಕ್ಕೆಲ್ಲ ನಾವು ಬರಾಕಾಗಲ್ಲ ಅಂತ ಹೇಳಿದ್ದು ನಿಮ್ಮ ದನಿನೇ. ಟಿವಿ ಒಡೆದ್ರೆ ಬರ್ತೀರಿ ಅಂತ ಗೊತ್ತಿತ್ತು.”