ಅವ್ವಗ ಕೇಳಬಾರದು

“ಒಂಚೂರೂ ಸದ್ದು ಬರಬಾರದ್ರಿ ಸಾಬ್ರ. ಅವ್ವಗ ಕೇಳಬಾರದು.”

ಮುದುಕಪ್ಪ ಆಟಿಕೆ ರೈಲಿನ ಎಂಜಿನ್ನನ್ನು ಮೇಜಿನ ಮೇಲಿಟ್ಟು ಮುಖ ತಿರುಗಿಸಿದ. ಗಡಿಯಾರ ರಿಪೇರಿಯ ಜಿಲಾನಿಸಾಬ್ ಅದನ್ನು ಎತ್ತಿ ನೋಡಿದ. ನಿಜಾಮರ ಕಾಲದಲ್ಲಿ ಹೈದರಾಬಾದಿನಿಂದ ಬಂದ ತಗಡಿನ ಎಂಜಿನ್. ೧೯೮೮ರ ಸಿಂಧನೂರು ಇನ್ನೂ ನಿಜವಾದ ರೈಲನ್ನೇ ಕಂಡಿರಲಿಲ್ಲ. ಈ ಎಂಜಿನ್ ಉರುಳಿಸಿದರೆ ಗರಗರ ಸದ್ದು ಕಿವಿ ಕೊರೆಯುತ್ತಿತ್ತು.

“ಇದನ್ನ ಒಗದು ಬ್ಯಾರೇದು ಕೊಡಸಬಾರದೇನು?”

“ಹುಡುಗ ಬಿಡವಲ್ಲ” ಎಂದಷ್ಟೇ ಹೇಳಿ ಮುದುಕಪ್ಪ ತನ್ನೂರು ಗೊರೇಬಾಳದ ಆಟೊ ಹತ್ತಿದ.

ಜಿಲಾನಿಸಾಬ್ ಎಂಜಿನ್ ಬಿಚ್ಚಿದ. ಹಲ್ಲುಚಕ್ರಗಳ ನಡುವೆ ಒಣಗಿದ ಕೆಸರು, ಹೊಸ ತುಕ್ಕು. ಕೊಕ್ಕೆಯಲ್ಲಿ ಕತ್ತರಿಸಿದ ಉಡದಾರದ ತುಂಡು. ಸೀಮೆಎಣ್ಣೆಯಲ್ಲಿ ತೊಳೆದು, ಸೊಟ್ಟಗಿದ್ದ ಹಲ್ಲನ್ನು ನೆಟ್ಟಗೆ ಮಾಡಿ, ಗ್ರೀಸ್ ಹಚ್ಚಿದ. ಎಂಜಿನ್ ಬೆಕ್ಕಿನಂತೆ ಸದ್ದಿಲ್ಲದೆ ಸರಿಯಿತು.

ಚಹಾ ತಂದ ಪಕ್ಕದಂಗಡಿಯ ಬಸ್ಸಪ್ಪ ಅದನ್ನು ಕಂಡು ನಿಂತ. ಅವನು ಗೊರೇಬಾಳದ ಅಳಿಯ.

“ಇದು ಆದಮ್ಮನ ಮನೀದಲ್ಲೇನ್ರಿ? ಪಾಪ, ಕಣ್ಣಿಲ್ಲದ ಮುದುಕಿ. ತಂದಿ ಇಲ್ಲದ ಮೊಮ್ಮಗನ ಉಡದಾರಕ್ಕ ಇದನ್ನ ಕಟ್ಟಿರತಾಳ. ಹಿತ್ತಲದಾಗ ಕಾಲುವಿ. ಸದ್ದು ದೂರಾದ್ರ ಓಡಿಹೋಗಿ ಹಿಡೀತಾಳ. ಹೋದ ಸುಗ್ಗ್ಯಾಗ ನಾನ ನೋಡೀನಿ.”

“ಇದನ್ನ ತಂದ ಮುದುಕಪ್ಪ ಯಾರು?”

“ಆದಮ್ಮನ ಸಣ್ಣ ಮಗ, ಆ ಹುಡುಗನ ಕಾಕಾ. ಹೊಲದಾಗ ಇಬ್ಬರದೂ ಪಾಲೈತಿ.”

ಸದ್ದು ನಿಂತರೆ ಕೂಸು ಕಾಲುವೆಗೆ, ಹೊಲವೆಲ್ಲ ಕಾಕಾನಿಗೆ ಎಂದು ಜಿಲಾನಿಸಾಬ್ ಲೆಕ್ಕ ಹಾಕಿದ. ಅವ್ವಗ ಕೇಳಬಾರದು! ಇಂಥ ಪಾಪಿಗೆ ತನ್ನ ಕೈಯೇ ನೆರವಾಗುವುದರಲ್ಲಿತ್ತಲ್ಲ ಎಂದು ಸಿಟ್ಟು ನೆತ್ತಿಗೇರಿತು. ಇಕ್ಕಳ ತೆಗೆದುಕೊಂಡು ಹಲ್ಲನ್ನು ಮತ್ತೆ ಸೊಟ್ಟ ಮಾಡಿದ. ಗ್ರೀಸ್ ಒರೆಸಿ ಹಾಕಿದ. ಗರಗರ ಮೊದಲಿಗಿಂತ ಜೋರಾಯಿತು. ಕೂಸು ಉಳಿಯಿತು ಎಂದುಕೊಂಡ.

ಮರುದಿನ ಮುದುಕಪ್ಪ ಬಂದಾಗ ಜಿಲಾನಿಸಾಬ್ ಎಂಜಿನ್ನನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿಟ್ಟಿದ್ದ.

“ಎಣ್ಣಿ ಕುಂದ್ರಬೇಕು. ನಾಳಿ ತನಕ ಉರುಳಸಬ್ಯಾಡ್ರಿ.”

ಮುದುಕಪ್ಪ ಕೈಮುಗಿದ. ಅವನ ಕಣ್ಣುಗಳು ತುಂಬಿದ್ದವು. ಎಂಥ ನಾಟಕ ಎಂದು ಜಿಲಾನಿಸಾಬ್ ಮನಸ್ಸಿನಲ್ಲೇ ಉಗಿದ.

ವಾರ ಕಳೆದು, ಬಸ್ಸಪ್ಪ ಮಾವನ ಮನೆಯಿಂದ ನೇರ ಜಿಲಾನಿಸಾಬನ ಅಂಗಡಿಗೇ ಬಂದ. ಸ್ಟೂಲಿನ ಮೇಲೆ ಕುಸಿದು ಕುಳಿತ.

“ಏನಾತೋ? ಆ ಹುಡುಗ ಚಂದ ಅದಾನಿಲ್ಲೊ?”

“ಯಾವ ಹುಡುಗ್ರಿ ಸಾಬ್ರ? ಅಂವ ಕಾಲುವಿಗೆ ಬಿದ್ದು ಎರಡು ತಿಂಗಳಾಗೈತಂತ. ಈಗ ಆ ಎಂಜಿನ್ನ ಮುದುಕಪ್ಪನ ಮಗ ಬಿಡವಲ್ಲ, ಎಳಕೊಂಡು ಅಡ್ಡಾಡತಾನ. ಅದರ ಸದ್ದು ಕೇಳಿ, ಮೊಮ್ಮಗ ಮತ್ತ ನೀರಿನ ಕಡೆ ಹೊಂಟಾನಂತ, ಮೊನ್ನೆ ಆದಮ್ಮ ಕಾಲುವಿಗೆ ಇಳಿದಾಕಿ ಮ್ಯಾಲ ಬರಲಿಲ್ಲ.”