ಹಿಮ್ಮಡಿಯ ಸನ್ನೆ

ತಂಗಿ ಪಕ್ಕದ ಪರದೆಯ ಮರೆಯಲ್ಲಿ ನಿಂತು ಹಿಮ್ಮಡಿಯಿಂದ ನೆಲಕ್ಕೆ ಎರಡು ಸಲ ಕುಟ್ಟಿದಳು. ವೇದಿಕೆಯ ನಡುವೆ ಕುರ್ಚಿಯಲ್ಲಿ ಕೂತ ಅಣ್ಣ ಅಲುಗಲಿಲ್ಲ. ಮತ್ತೆರಡು ಸಲ ಕುಟ್ಟಿದಳು, ಈ ಬಾರಿ ಹಲ್ಲು ಕಚ್ಚಿ. ಊಹೂಂ. ಆಗ ತಲೆ ತಗ್ಗಿಸಿ ನೋಡಿದಳು: ಕಾಲ ಕೆಳಗೆ ಹಲಗೆಯೇ ಇಲ್ಲ, ಬರೀ ಕಪ್ಪು ರಬ್ಬರು. ಆನೆ ನಡೆದರೂ ಸದ್ದಾಗಲ್ಲ ಅಂತ ನಗರಸಭೆಯ ಅಧಿಕಾರಿ ಬೆಳಿಗ್ಗೆ ಹೆಮ್ಮೆಯಿಂದ ತೋರಿಸಿದಾಗ ಎಲ್ಲರ ಜೊತೆ ಅವಳೂ ತಲೆಯಾಡಿಸಿದ್ದಳು. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡರು ಅನ್ನುತ್ತಾರಲ್ಲ, ಹಾಗಾಯಿತು ಅವಳ ಕಥೆ.

ಅಣ್ಣನ ಕಿವಿ ಹೋಗಿ ಎರಡು ವರ್ಷ. ಅದು ನಾಟಕ ತಂಡದ ಹನ್ನೊಂದು ಜನರ ಹೊಟ್ಟೆಯೊಳಗೇ ಇದ್ದ ಗುಟ್ಟು. ಎದುರು ನಿಂತು ಮಾತಾಡಿದರೆ ತುಟಿ ನೋಡಿಯೇ ಹಿಡಿದುಬಿಡುತ್ತಾನೆ. ಬೆನ್ನ ಹಿಂದಿನಿಂದ ಬರುವ ಮಾತಾದರೆ ಮಾತ್ರ ತಂಗಿ ಹಲಗೆ ಕುಟ್ಟಬೇಕು, ಆ ಅದುರು ಅವನ ಅಂಗಾಲಿಗೆ ಮುಟ್ಟಬೇಕು, ಆಗ ಅವನು ಬಾಯಿ ತೆರೆಯುತ್ತಾನೆ. ಚಿಕ್ಕತ್ತೆ ಕಾಲಲ್ಲೇ ಮಾತಾಡ್ತಾರೆ, ಅದಕ್ಕೇ ಯಾರೂ ಎದುರುತ್ತರ ಕೊಡೋಕಾಗಲ್ಲ ಅಂತ ಅಣ್ಣನ ಸೊಸೆ ನಗಾಡುವುದಿತ್ತು.

ಆ ಸೊಸೆಯೇ ಈಗ ಅವನ ಬೆನ್ನ ಹಿಂದೆ, ಮರದ ಬಾಗಿಲಿನ ಚೌಕಟ್ಟಿನಲ್ಲಿ ನಿಂತಿದ್ದಳು. ನಾಟಕದಲ್ಲಿ ಮನೆ ಬಿಟ್ಟು ಹೋದ ಮಗಳು ಎಷ್ಟೋ ವರ್ಷಕ್ಕೆ ವಾಪಸ್ಸು ಬಂದು, "ಅಪ್ಪಾ, ಒಳಗೆ ಬರಲಾ?" ಎಂದು ಕೇಳುತ್ತಾಳೆ. ಅಪ್ಪ ತಿರುಗಿ ಕೂಡ ನೋಡದೆ, "ಬಾಗಿಲು ಹಾಕ್ಕೊಂಡು ಬಾ, ಗಾಳಿ ಬರುತ್ತೆ" ಅನ್ನುತ್ತಾನೆ. ಅಷ್ಟೇ. ಮುನ್ನೂರು ಪ್ರಯೋಗಗಳಲ್ಲಿ ಆ ಒಂದು ಮಾತಿಗೆ ಜನ ಮೊದಲು ನಕ್ಕು ಆಮೇಲೆ ಮೂಗೊರೆಸಿಕೊಂಡಿದ್ದರು. ಇವತ್ತು ಎದುರಿಗಿದ್ದವರು ಐದೇ ಜನ. ಹೊಸದಾಗಿ ರಿಪೇರಿಯಾದ ಈ ರಂಗಮಂದಿರವನ್ನು ಐದು ವರ್ಷ ಯಾವ ತಂಡಕ್ಕೆ ಕೊಡಬೇಕು ಎಂದು ತೀರ್ಮಾನಿಸುವ ಸಮಿತಿ. ಇವರು ತಾಲೀಮು ಮಾಡುತ್ತಿದ್ದ ಹಳೇ ಮರದ ಡಿಪೋವನ್ನು ತಿಂಗಳ ಕೊನೆಗೆ ಕೆಡವುತ್ತಾರೆ. ಇದೂ ಕೈತಪ್ಪಿದರೆ ಹನ್ನೊಂದು ಜನ ಹನ್ನೊಂದು ದಿಕ್ಕು.

ಸೊಸೆ ಎರಡನೇ ಸಲ ಕೇಳಿದಳು. ಉತ್ತರವಿಲ್ಲ. ಹಾಲ್ ತುಂಬಾ ಬರೀ ಮೌನ. ಕೊನೆಗೆ ಜಾಣೆ, ಉತ್ತರಕ್ಕೆ ಕಾಯದೆಯೇ ಒಳಗೆ ಬಂದಳು, ಬಾಗಿಲನ್ನು ತಾನೇ ಮುಚ್ಚಿದಳು, ಅವನ ಕಾಲ ಬಳಿ ಕೂತು ಮಂಡಿಯ ಮೇಲೆ ತಲೆಯಿಟ್ಟು ಅತ್ತಳು. ತುಂಬಾ ಹೊತ್ತಿನ ಮೇಲೆ ಅಣ್ಣನ ಕೈ ಮೆಲ್ಲಗೆ ಅವಳ ತಲೆಯ ಮೇಲೆ ಬಂತು. ದೀಪ ಆರಿತು. ಮುಗೀತು ನಮ್ಮ ಕಥೆ ಅಂದುಕೊಂಡು ತಂಗಿ ಪರದೆಯನ್ನೇ ಹಿಡಿದು ನಿಂತಳು.

ಆದರೆ ದೀಪ ಹತ್ತಿದಾಗ ಸಮಿತಿಯ ಅಧ್ಯಕ್ಷೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು. ಮೊದಲೆರಡು ತಂಡದವರು ಮಾತಾಡೀ ಮಾತಾಡೀ ತಲೆ ಚಿಟ್ಟು ಹಿಡಿಸಿದ್ದರಂತೆ. ಈ ಮನುಷ್ಯ ಒಂದೂ ಮಾತಾಡದೆ ಮಗಳನ್ನು ಕ್ಷಮಿಸಿದನಲ್ಲ, ಅಷ್ಟು ಹೊತ್ತು ಸುಮ್ಮನಿರೋಕೆ ಎಂಥ ಎದೆಗಾರಿಕೆ ಬೇಕು ಎಂದರು. ಉಳಿದ ನಾಲ್ವರೂ ಹೌದೌದೆಂದರು. ಹತ್ತು ನಿಮಿಷದಲ್ಲಿ ರಂಗಮಂದಿರ ಇವರದಾಯಿತು.

ತಂಡದವರು ಆಗಲೇ ಯಾವ ಕೋಣೆ ಯಾರಿಗೆ, ಯಾವ ಕನ್ನಡಿ ಯಾರಿಗೆ ಎಂದು ಓಡಾಡತೊಡಗಿದರು. ತಂಗಿ ಅಣ್ಣನನ್ನು ಬಣ್ಣದ ಕೋಣೆಗೆ ಕರೆದೊಯ್ದು ಬಾಗಿಲು ಭದ್ರ ಮಾಡಿದಳು. ಕಿವಿ ಹೋದಮೇಲೆ ಅವನ ಪಿಸುಮಾತೂ ಮೂರು ಮನೆಗೆ ಕೇಳುತ್ತಿತ್ತು. ಎದುರು ಕೂತು, ತುಟಿ ಕಾಣುವ ಹಾಗೆ ಬಿಡಿಸಿ ಬಿಡಿಸಿ ಸಮಾಧಾನ ಹೇಳಿದಳು: ಕುರ್ಚಿಯ ಸುತ್ತ ರಬ್ಬರು ಕೀಳಿಸೋಣ, ಎರಡು ಹಲಗೆ ಹಾಕಿಸೋಣ, ಇವತ್ತೇ ಅಧಿಕಾರಿಯ ಕಿವಿಗೆ ಹಾಕುತ್ತೇನೆ, ನೀನು ಕೊರಗಬೇಡ.

ಅಣ್ಣ ಹತ್ತಿಯಿಂದ ಹಣೆಯ ಬಣ್ಣ ಒರೆಸುತ್ತಿದ್ದವನು ಕೈ ನಿಲ್ಲಿಸಿದ.

"ನೆಲದ್ದು ತಪ್ಪಿಲ್ಲ ಕಣೇ."

"ಮತ್ತೆ?"

"ಪರದೆ ಸಂದಿಯಲ್ಲಿ ನಿನ್ನ ಮಂಡಿ ಕಾಣಿಸ್ತಿತ್ತು. ಹೊಲಿಗೆ ಮಿಷಿನ್ ತುಳಿದ ಹಾಗೆ ತುಳೀತಿದ್ದೆ. ನನ್ನ ಸರದಿ ಅಂತ ಗೊತ್ತಾಯ್ತು. ಏನು ಹೇಳಬೇಕು ಅನ್ನೋದೇ ಹೊಳೀಲಿಲ್ಲ." ಹತ್ತಿಯನ್ನು ತಿರುವಿ ನೋಡಿದ. "ಆಮೇಲೆ ಒಬ್ಬಳು ಬಂದು ಕಾಲ ಹತ್ರ ಕೂತು ಅತ್ತಳಲ್ಲ. ಯಾರ ಮನೆ ಹುಡುಗಿಯೋ, ಪಾಪ ಅನ್ನಿಸ್ತು. ತಲೆ ಸವರಿದೆ."

ತಂಗಿ ಅವನ ಕೈಯಿಂದ ಹತ್ತಿ ತೆಗೆದುಕೊಂಡು ಹಣೆಯ ಉಳಿದ ಬಣ್ಣ ತಾನೇ ಒರೆಸಿದಳು. ಈಚೆಗೆ ಅವನು ಕೇಳಿದ್ದನ್ನೇ ಕೇಳುತ್ತಿದ್ದ. ಕಿವಿ ಕೇಳಲ್ಲವಲ್ಲ ಎಂದು ಇವಳು ಬೇಸರವಿಲ್ಲದೆ ಹೇಳಿದ್ದನ್ನೇ ಹೇಳುತ್ತಿದ್ದಳು.

ಬಾಗಿಲು ಬಡಿದ ಸದ್ದು. ಅಧಿಕಾರಿ ಕರಾರು ಪತ್ರ ಹಿಡಿದು ಬಂದಿದ್ದ. ಉದ್ಘಾಟನೆಗೆ ಇದೇ ನಾಟಕ ಆಗಬೇಕಂತೆ, ಮಂತ್ರಿಗಳೂ ಬರುತ್ತಾರಂತೆ. ಹೊರಗೆ ಕನ್ನಡಿಗಾಗಿ ಕಿತ್ತಾಡುತ್ತಿದ್ದವರು ಹೋ ಎಂದು ನಗುತ್ತಿದ್ದರು. ಅವರು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ. ಸಹಿ ಎಲ್ಲಿ ಹಾಕಬೇಕೆಂದು ಅಣ್ಣ ಅವಳ ಮುಖ ನೋಡಿದ. ಅವಳು ಬೆರಳಿಟ್ಟು ತೋರಿಸಿದಳು.

"ಅಧ್ಯಕ್ಷೆ ಅಮ್ಮಾವ್ರು ಒಂದು ವಿಷಯ ಕೇಳಿಕೊಂಡು ಬಾ ಅಂದ್ರು," ಎಂದ ಅಧಿಕಾರಿ, ಜೇಬಿನಿಂದ ಚೀಟಿ ತೆಗೆಯುತ್ತ. "ಆ ಮೌನ ಇದೆಯಲ್ಲ, ಉದ್ಘಾಟನೆ ದಿನಾನೂ ಇಷ್ಟೇ ಹೊತ್ತು ಇರುತ್ತಾ?"

ತಂಗಿ ಅಣ್ಣನ ಕೈಯಿಂದ ಪೆನ್ನು ತೆಗೆದುಕೊಂಡು ಮುಚ್ಚಳ ಹಾಕಿದಳು.

"ಇಲ್ಲ ಸಾರ್. ಬರ್ತಾ ಬರ್ತಾ ಇನ್ನೂ ಜಾಸ್ತಿ ಆಗುತ್ತೆ."

ಅಧಿಕಾರಿ ಮೆಚ್ಚಿ ತಲೆದೂಗಿ, ಅದನ್ನೂ ಬರೆದುಕೊಂಡ.