ಕಾವು

“ಕೋಟು ಬಿಚ್ಚಿ ಸರ್, ಅಂಗಿನೂ ಬಿಚ್ಚಿ,” ಎಂದರು ಡಾಕ್ಟರಮ್ಮ. ದಿನ ತುಂಬದ ಕೂಸುಗಳೂ ಬದುಕುತ್ತವೆಂದು ಆ ಊರಿಗೆ ಮೊದಲು ತೋರಿಸಿಕೊಟ್ಟವರು ಅವರು. ಅವರ ಅಂಗೈಯಲ್ಲಿ, ಹತ್ತಿಯ ಸುತ್ತಿನೊಳಗೆ, ಏಳು ತಿಂಗಳಿಗೇ ಹುಟ್ಟಿದ ಮಗು ತಣ್ಣಗಾಗುತ್ತಿತ್ತು. ಅದು ಎದುರಿಗೆ ನಿಂತಿದ್ದ ಆಸ್ಪತ್ರೆಯ ನಿರ್ದೇಶಕರ ಮೊಮ್ಮಗಳು. ತಾಯಿಗೆ ಇನ್ನೂ ಪ್ರಜ್ಞೆ ಬಂದಿರಲಿಲ್ಲ, ಅಳಿಯ ಊರಲ್ಲಿರಲಿಲ್ಲ.

ನಿರ್ದೇಶಕರು ಮೂಲೆಯಲ್ಲಿ, ಕೂಸುಗಳನ್ನು ಬೆಚ್ಚಗಿಡಲು ಇದ್ದ ಒಂದೇ ಒಂದು ಕಾವುಪೆಟ್ಟಿಗೆಯತ್ತ ಬೆರಳು ತೋರಿಸಿದರು. “ಅದರಲ್ಲಿಡಿ.”

“ಅದರಲ್ಲಿ ಕಸ ಗುಡಿಸೋಳ ಮಗ ಇದಾನೆ.”

“ಅವನನ್ನ ತೆಗೀರಿ.” ಮೇಜಿನ ಮೇಲಿನ ಫೈಲು ತೆಗೆಯಿರಿ ಎನ್ನುವಷ್ಟೇ ಸಲೀಸಾಗಿ ಹೇಳಿದರು.

“ತೆಗೆದ್ರೆ ಸಾಯ್ತಾನೆ. ಇನ್ನೊಂದು ಪೆಟ್ಟಿಗೆ ಕೊಡಿಸಿ ಅಂತ ನಿಮ್ಮ ಕಾಲಿಗೆ ಬೀಳೋದೊಂದು ಬಾಕಿ ಇತ್ತು. ಆಸ್ಪತ್ರೆ ನಡೆಸ್ತಿದೀವಾ, ಕೋಳಿ ಸಾಕ್ತಿದೀವಾ ಅಂತ ಮೀಟಿಂಗಲ್ಲಿ ಎಲ್ರನ್ನೂ ನಗಿಸಿದ್ರಿ. ಈಗ ಆ ಇನ್ನೊಂದು ಪೆಟ್ಟಿಗೆ ನೀವೇ. ಬಿಚ್ಚಿ.”

ನಿರ್ದೇಶಕರು ಬಿಚ್ಚಿದರು. ಕೋಟಿನೊಳಗೆ ಇಷ್ಟು ದಿನ ಗಾಂಭೀರ್ಯದಂತೆ ಕಾಣುತ್ತಿದ್ದದ್ದು ಬರೀ ಹೊಟ್ಟೆಯಾಗಿತ್ತು. ನರ್ಸುಗಳು ಯಾರೂ ಮುಖ ತಿರುಗಿಸಲಿಲ್ಲ. ಡಾಕ್ಟರಮ್ಮ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಕೂಸನ್ನು ಬರಿಯೆದೆಗೆ ಕವುಚಿ ಮಲಗಿಸಿ, ಇಬ್ಬರಿಗೂ ಸೇರಿಸಿ ಕಂಬಳಿ ಸುತ್ತಿದರು. ನೀಲಿಗಟ್ಟಿದ್ದ ಪುಟ್ಟ ಪಾದ ನಿಧಾನಕ್ಕೆ ಕೆಂಪೇರತೊಡಗಿತು.

ನಿರ್ದೇಶಕರು ಗೋಡೆಯತ್ತ ಕತ್ತೆತ್ತಿದರು. “ಎಷ್ಟು ಹೊತ್ತು ಹೀಗೇ ಕೂತಿರ್ಬೇಕು?”

“ಕಾವಿಗೆ ಕೂತ ಕೋಳಿ ಗಡಿಯಾರ ನೋಡಲ್ಲ ಸರ್,” ಎಂದು ಡಾಕ್ಟರಮ್ಮ ಪೆಟ್ಟಿಗೆಯ ಹುಡುಗನತ್ತ ಹೊರಟರು.